ಮರೆವಿನ ಸಿನಿಮಾಗಳಲ್ಲಿ ಕಾಣೆಯಾದವರು

2017ರ ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬರುತ್ತಿತ್ತು. ಹೈದರಾಬಾದಿನ ಕಾಚಿಗೂಡದ ನಮ್ಮ ಮನೆಯಲ್ಲಿ ನಾನೂ ಅವ್ವನೂ ನೋಡುತ್ತಾ ಕೂತಿದ್ದೆವು. ಅಪ್ಪ ಒಳಕೋಣೆಯಲ್ಲಿ ಮಲಗಿದ್ದರು. ಅವರಿಗೆ ಆಗ ಎಪ್ಪತ್ತೊಂಬತ್ತು. ಡಾಕ್ಟರು ಅಲ್ಝೈಮರ್ಸ್ ಎಂದು ಹೇಳಿ ನಾಲ್ಕು ವರ್ಷವಾಗಿತ್ತು. ತೆರೆಯ ಮೇಲೆ ಅನಂತನಾಗ್ ಅವರ ವೆಂಕೋಬರಾವ್ ಬೆಂಗಳೂರಿನ ಬೀದಿಯಲ್ಲಿ ಕಳೆದುಹೋಗಿದ್ದರು. ಮುಂಬೈಯಿಂದ ಬಂದ ಮಗ, ರಕ್ಷಿತ್ ಶೆಟ್ಟಿ, ಫೋಟೋ ಹಿಡಿದು ಹುಡುಕುತ್ತಿದ್ದ. ನನ್ನ ಗಂಟಲು ಕಟ್ಟಿತ್ತು. ನಾನೂ ಪುಣೆಯ ಕೆಲಸ ಬಿಟ್ಟು ವಾಪಸ್ ಬಂದಿದ್ದ ಮಗನೇ ತಾನೆ.

ಅವ್ವ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದವಳು ಜಾಹೀರಾತು ಬಂದಾಗ ಅಂದಳು: “ಇದರಾಗ ಹೆಂಡ್ತೀನ ಮೊದಲೇ ಸಾಯಿಸಿಬಿಟ್ಟಾರಲ್ಲಪಾ. ಆಕಿ ಬದುಕಿದ್ದಿದ್ರ ಮುದುಕ ಕಳೀತಿದ್ದಿಲ್ಲ. ಸಿನಿಮಾನೂ ಆಗ್ತಿದ್ದಿಲ್ಲ.”

ಅವಳು ವಿಮರ್ಶೆ ಮಾಡಲು ಹೇಳಿದ್ದಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ಮರೆವಿನ ಕಾಯಿಲೆಯ ಬಗ್ಗೆ ನಮ್ಮವರು ಮಾಡಿದ ಚಿತ್ರಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ಪ್ರತಿಯೊಂದರಲ್ಲೂ ಅವ್ವನ ಪ್ರಶ್ನೆಯನ್ನೇ ಕೇಳಿಕೊಂಡೆ: ಇಲ್ಲಿ ಮನೆಯಲ್ಲಿ ಯಾರಿದ್ದಾರೆ?

ಈ ಊರಲ್ಲಿ ಆ ಕಾಯಿಲೆಗೆ ಹೆಸರುಗಳಿಗೇನೂ ಬರವಿಲ್ಲ. ಕನ್ನಡದಲ್ಲಿ ‘ಅರವತ್ತಕ್ಕೆ ಅರಳು ಮರಳು’ ಅನ್ನುತ್ತೇವೆ. ಉರ್ದು, ಹಿಂದಿಯವರು ‘ಸಠಿಯಾ ಗಯಾ’ ಅನ್ನುತ್ತಾರೆ. ಅದರೊಳಗಿರುವುದು ಸಾಠ್, ಅಂದರೆ ಅರವತ್ತೇ. ತೆಲುಗಿನವರ ‘ಮತಿಮರುಪು’ ಮಾತ್ರ ವಯಸ್ಸಿನ ಲೆಕ್ಕಕ್ಕೆ ಹೋಗುವುದಿಲ್ಲ. ಮೂರೂ ಮಾತುಗಳಲ್ಲಿ ಒಂದು ಸಣ್ಣ ನಗು ಇದೆ. ಮುದುಕರ ಮರೆವು ಮಳೆ ಬಿಸಿಲಿನ ಹಾಗೆ, ಬಂದೇ ಬರುವಂಥದ್ದು. ಅದಕ್ಕೆ ಡಾಕ್ಟರೇಕೆ, ಸಿನಿಮಾವೇಕೆ? ಎಷ್ಟೋ ಕಾಲ ನಮ್ಮ ಚಿತ್ರರಂಗ ಅದರ ಕಡೆ ನೋಡದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಮುದುಕರ ಸಿನಿಮಾ ಇರಲಿಲ್ಲ ಎಂದಲ್ಲ. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಬಂದದ್ದು 1958ರಲ್ಲಿ. ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರು ಮತ್ತು ಅವರ ಹೆಂಡತಿ ಇಳಿವಯಸ್ಸಿನಲ್ಲಿ ಹೆತ್ತ ಮಕ್ಕಳ ಕೈಯಲ್ಲೇ ಪಡುವ ಪಾಡು ಅದರ ಕಥೆ. ಆ ದಾರಿ ‘ಬಾಗ್‌ಬಾನ್’ವರೆಗೆ, ಅಂದರೆ 2003ರವರೆಗೆ, ನೇರವಾಗಿ ಬಂದಿದೆ. ಆ ಚಿತ್ರಗಳಲ್ಲಿ ಮರೆಯುವವರು ಮಕ್ಕಳು. ಮುದುಕರಿಗೆ ಎಲ್ಲವೂ ನೆನಪಿದೆ, ನೆನಪಿರುವುದೇ ಅವರ ಸಂಕಟ. ನೋಡಿ ಹೊರಬಂದ ಮಗನಿಗೆ ತಾನು ಏನು ಮಾಡಬೇಕು ಎಂಬುದು ಸ್ಪಷ್ಟ: ಒಳ್ಳೆಯವನಾಗಬೇಕು. ಒಳ್ಳೆಯ ಮಗ ಇದ್ದೂ ಪರಿಹಾರವಾಗದ ಮುಪ್ಪು ಆ ಕಥೆಗಳ ಚೌಕಟ್ಟಿಗೆ ಸಿಗುವಂಥದ್ದಲ್ಲ.

ನೆನಪು ಹೋಗುವ ಸಿನಿಮಾಗಳು ಬೇರೆಯೇ ಇದ್ದವು, ಅವುಗಳ ನಾಯಕ ನಾಯಕಿಯರು ಎಳೆಯರು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗುತ್ತದೆ, ಕೊನೆಯ ರೀಲಿನ ಹೊತ್ತಿಗೆ ವಾಪಸ್ ಬರುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ನಾನು ಇಲ್ಲಿ ನಿಂತು ನೋಡಬೇಕು. ಬಾಲು ಮಹೇಂದ್ರ ಅವರ ‘ಮೂಂಡ್ರಾಂ ಪಿರೈ’, 1982. ಹೈದರಾಬಾದಿನವರು ಅದನ್ನು ತೆಲುಗಿನಲ್ಲಿ ‘ವಸಂತ ಕೋಕಿಲ’ ಎಂದು ನೋಡಿದರು, ಮರುವರ್ಷ ಹಿಂದಿಯಲ್ಲಿ ‘ಸದ್ಮಾ’ ಆಯಿತು. ಅಪಘಾತದಲ್ಲಿ ನೆನಪು ಕಳೆದುಕೊಂಡು ಮಗುವಿನಂತಾದ ಹುಡುಗಿ ಶ್ರೀದೇವಿ. ಅವಳಿಗೆ ಉಣಿಸಿ, ಸೀರೆ ಉಡಲು ಕಲಿಸಿ ಕಾಪಾಡುವವನು ಕಮಲಹಾಸನ್. ಅವಳು ಗುಣವಾಗುತ್ತಾಳೆ, ಗುಣವಾದ ಕ್ಷಣದಲ್ಲೇ ಅವನನ್ನು ಮರೆಯುತ್ತಾಳೆ. ಮಳೆಯಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಅವನು ಕೋತಿಯ ಹಾಗೆ ಕುಣಿದು ನೆನಪಿಸಲು ಹೆಣಗುತ್ತಾನೆ, ಅವಳು ಯಾರೋ ಹುಚ್ಚ ಎಂದುಕೊಂಡು ನೋಡುತ್ತಾಳೆ. ಡಿಮೆನ್ಷಿಯಾದ ಚಿತ್ರವಲ್ಲ ಅದು. ಆದರೆ ನೋಡಿಕೊಂಡವನನ್ನೇ ರೋಗಿ ಗುರುತು ಹಿಡಿಯದೆ ಹೋಗುವುದು ಏನೆಂದು ನನಗೆ ಅದರಷ್ಟು ನೇರವಾಗಿ ತೋರಿಸಿದ ಇನ್ನೊಂದು ದೃಶ್ಯ ಸಿಕ್ಕಿಲ್ಲ.

ಆಮೇಲೆ ಬಂದದ್ದು 2005. ಅದೇಕೋ ಆ ಒಂದೇ ವರ್ಷ ಇಡೀ ದೇಶದ ಸಿನಿಮಾಕ್ಕೆ ಮರೆವು ಹತ್ತಿಕೊಂಡಿತು. ಫೆಬ್ರುವರಿಯಲ್ಲಿ ಸಂಜಯ್ ಲೀಲಾ ಬನ್ಸಾಲಿ ಅವರ ‘ಬ್ಲ್ಯಾಕ್’: ಕಣ್ಣು ಕಿವಿ ಇಲ್ಲದ ಹುಡುಗಿಗೆ ಮಾತು ಕಲಿಸಿದ ಮೇಷ್ಟ್ರು ಅಮಿತಾಭ್ ಬಚ್ಚನ್ ಮುದಿತನದಲ್ಲಿ ಮಾತು ಕಳೆದುಕೊಳ್ಳುತ್ತಾರೆ, ಶಿಷ್ಯೆಯೇ ಅವರಿಗೆ ಕಲಿಸಲು ಕೂರುತ್ತಾಳೆ. ಅದೇ ವರ್ಷ ಜಾಹ್ನು ಬರುವಾ ಅವರ ‘ಮೈನೆ ಗಾಂಧಿ ಕೋ ನಹೀಂ ಮಾರಾ’. ಅದೇ ವರ್ಷ ತಮಿಳಿನ ‘ಗಜಿನಿ’, ಹದಿನೈದು ನಿಮಿಷದ ನೆನಪಿನ ಸೇಡಿನ ಕಥೆ. ಅದರ ಹಿಂದಿ ಅವತಾರಕ್ಕೆ ಹಣ ಹಾಕಿದವರಲ್ಲಿ ನಮ್ಮ ಹೈದರಾಬಾದಿನ ಅಲ್ಲು ಅರವಿಂದ್ ಕೂಡ ಒಬ್ಬರು. ವರ್ಷದ ಕೊನೆಗೆ ಮಲಯಾಳದಲ್ಲಿ ಬ್ಲೆಸ್ಸಿ ಅವರ ‘ತನ್ಮಾತ್ರ’.

ಬರುವಾ ಅವರ ಚಿತ್ರದಲ್ಲಿ ಅನುಪಮ್ ಖೇರ್ ನಿವೃತ್ತ ಹಿಂದಿ ಪ್ರೊಫೆಸರ್. ಪತ್ರಿಕೆಯಲ್ಲಿ ಅಚ್ಚಾದ ಗಾಂಧಿಯ ಚಿತ್ರದ ಮೇಲೆ ಯಾರೋ ಆ್ಯಶ್‌ಟ್ರೇ ಇಟ್ಟದ್ದು ಕಂಡು ರೇಗುವಲ್ಲಿಂದ ಅವರ ಕುಸಿತ ಶುರು. ಗಾಂಧಿಯನ್ನು ಕೊಂದದ್ದು ತಾನೇ ಎಂಬ ಭ್ರಮೆ ಹತ್ತುತ್ತದೆ. ಮೊದಲರ್ಧದಲ್ಲಿ ಮಗಳು ಊರ್ಮಿಳಾ ಮಾತೋಂಡ್ಕರ್ ಪಡುವ ಪಾಡು ನಿಜವಾದದ್ದು: ರಾತ್ರಿ ನಿದ್ದೆ ಇಲ್ಲ, ಕೂಡಿಬರುವಂತಿದ್ದ ಸಂಬಂಧ ಮುರಿಯುತ್ತದೆ. ಆದರೆ ಕೊನೆಗೆ ಡಾಕ್ಟರರೆಲ್ಲ ಸೇರಿ ಒಂದು ನಕಲಿ ಕೋರ್ಟು ಹೂಡಿ, ಪ್ರೊಫೆಸರು ನಿರಪರಾಧಿ ಎಂದು ತೀರ್ಪು ಕೊಟ್ಟು ಭ್ರಮೆ ಬಿಡಿಸುತ್ತಾರೆ. ಅಲ್ಲಿ ಸಿನಿಮಾ ಪೆಟ್ಟು ಬಿದ್ದು ವಾಸಿಯಾಗುವ ಹಳೆಯ ಕಾಲಕ್ಕೇ ಓಡಿಹೋಯಿತು ಅನ್ನಿಸಿತು ನನಗೆ. ನಮ್ಮ ಮನೆಯಲ್ಲೂ ಇಂಥ ಕೋರ್ಟು ದಿನಾ ನಡೆಯುತ್ತಿತ್ತು, ತೀರ್ಪು ಮಾತ್ರ ಮರುದಿನದವರೆಗೂ ಉಳಿಯುತ್ತಿರಲಿಲ್ಲ.

‘ತನ್ಮಾತ್ರ’ ಹಾಗೆ ಓಡಿಹೋಗುವುದಿಲ್ಲ. ಪದ್ಮರಾಜನ್ ಅವರ ‘ಓರ್ಮ’ ಎಂಬ ಕಥೆಯಿಂದ ಬೆಳೆದದ್ದು ಅದು. ಮೋಹನ್‌ಲಾಲ್ ತಿರುವನಂತಪುರದ ಸೆಕ್ರೆಟರಿಯೇಟಿನ ನೌಕರ, ಮಧ್ಯವಯಸ್ಸಿನ ಗೃಹಸ್ಥ, ಮಗ ಐಎಎಸ್ ಆಗಬೇಕೆಂಬ ಕನಸಿನವನು. ಅರವತ್ತಕ್ಕೆ ಬಹಳ ಮೊದಲೇ ಅರಳು ಮರಳು. ಇಲ್ಲಿ ಹೆಂಡತಿ ಬದುಕಿದ್ದಾಳೆ. ಮೀರಾ ವಾಸುದೇವನ್ ಮಾಡಿದ ಲೇಖಾ ಗಂಡನ ಕಣ್ಣಿನಲ್ಲಿ ತಾನು ಕರಗುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಅದೇ. ಅಲ್ಝೈಮರ್ಸ್ ರೋಗಿಗಳ ಕುಟುಂಬಗಳಿಗಾಗಿ ದೇಶದ ಮಟ್ಟದ ಸಂಘ, ಎಆರ್‌ಡಿಎಸ್‌ಐ, 1992ರಲ್ಲಿ ಹುಟ್ಟಿದ್ದೂ ಕೇರಳದಲ್ಲೇ. ಮಕ್ಕಳು ಕೊಲ್ಲಿ ದೇಶಗಳಿಗೆ ಹೋಗಿ ಮುದುಕರೇ ಉಳಿದ ಮನೆಗಳು ಆ ನಾಡಿಗೆ ಎಲ್ಲರಿಗಿಂತ ಮೊದಲೇ ಪರಿಚಯವಾಗಿದ್ದವು.

ತೆಲುಗು ಚಿತ್ರರಂಗಕ್ಕೆ ‘ಮತಿಮರುಪು’ ಬಹುಮಟ್ಟಿಗೆ ನಗುವಿನ ವಸ್ತುವಾಗಿಯೇ ಉಳಿಯಿತು. 2015ರ ‘ಭಲೇ ಭಲೇ ಮಗಾಡಿವೋಯ್’ನಲ್ಲಿ ನಾನಿ ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೇ ಮರೆಯುವ ಹುಡುಗ, ಥಿಯೇಟರು ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಕನ್ನಡದಲ್ಲಿ ರಮೇಶ್ ಅರವಿಂದ್ ಅದನ್ನು ಗಣೇಶ್ ಅವರಿಂದ ‘ಸುಂದರಾಂಗ ಜಾಣ’ ಎಂದು ಮಾಡಿಸಿದ್ದು 2016ರಲ್ಲಿ. ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ’ ಬಂದದ್ದೂ ಅದೇ ವರ್ಷ, ಜೂನಿನಲ್ಲಿ.

ಶೀರ್ಷಿಕೆಯಲ್ಲೇ ಆ ಚಿತ್ರದ ಜಾಣ್ಮೆ ಇದೆ. ದೂರದರ್ಶನದಲ್ಲಿ ವಾರ್ತೆಯ ಆಚೀಚೆ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ ಬರುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಗೋಧಿ ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಒಬ್ಬ ಮನುಷ್ಯನ ಬಗ್ಗೆ ಪೊಲೀಸರಿಗೆ ಹೇಳಲು ಮನೆಯವರಿಗೆ ಅಷ್ಟೇ ತೋಚುತ್ತದೆ. ಚಿತ್ರದಲ್ಲಿ ಮಗನಿಗೂ ಅಪ್ಪನ ಬಗ್ಗೆ ಗೊತ್ತಿರುವುದು ಅಷ್ಟೇ. ಆರೈಕೆ ಕೇಂದ್ರದಲ್ಲಿ ಬಿಟ್ಟ ಅಪ್ಪನನ್ನು ಒಂದು ದಿನ ಹೊರಗೆ ಕರೆದೊಯ್ದು, ಕಳೆದುಕೊಂಡು, ಹುಡುಕುತ್ತಾ ಹೋದ ಹಾಗೆ ಅಪ್ಪ ಎಂಥವರಾಗಿದ್ದರು, ತೀರಿಹೋದ ಅಮ್ಮ ಪುಷ್ಪಾಳನ್ನು ಹೇಗೆ ಪ್ರೀತಿಸಿದ್ದರು ಎಂಬುದು ಅವನಿಗೆ ಬೇರೆಯವರ ಬಾಯಿಂದ ಒಂದೊಂದಾಗಿ ತಿಳಿಯುತ್ತದೆ. ಅತ್ತ ಅಪ್ಪ ಕೊಲೆಗಾರರ ಕೈಗೆ ಸಿಕ್ಕಿ ಅವರ ನಡುವೆಯೂ ತನ್ನ ಪ್ರೇಮಕಥೆ ಹೇಳುತ್ತಾರೆ. ಅನಂತನಾಗ್ ಆ ಪಾತ್ರದಲ್ಲಿ ಎಲ್ಲೂ ‘ಕಾಯಿಲೆ’ಯನ್ನು ಅಭಿನಯಿಸುವುದಿಲ್ಲ. ಸುಮ್ಮನೆ ಇದ್ದಾರೆ, ಗಳಿಗೆಗೊಮ್ಮೆ ಇಲ್ಲ. ಎರಡು ವರ್ಷದ ಮೇಲೆ ತಮಿಳಿನಲ್ಲಿ ಪ್ರಕಾಶ್ ರಾಜ್ ಇದನ್ನೇ ಮಾಡಿದರು. ಅಲ್ಲಿ ಹೆಸರು ‘60 ವಯದು ಮಾನಿರಂ’. ಮತ್ತೆ ಅದೇ ಅರವತ್ತು.

ಮರಾಠಿಯ ‘ಅಸ್ತು’ ಕೂಡ ಹುಡುಕಾಟವೇ. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖ್ತಣಕರ್ ಅವರ ಚಿತ್ರ. ಮೋಹನ್ ಅಗಾಶೆ ಸಂಸ್ಕೃತ ಪಂಡಿತ. ಮಗಳು ಕಾರಿನಲ್ಲಿ ಕೂರಿಸಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಆನೆಯ ಹಿಂದೆ ಹೊರಟುಬಿಡುತ್ತಾರೆ. ಆನೆಯವನ ಹೆಂಡತಿ, ಅಮೃತಾ ಸುಭಾಷ್, ಅವರಿಗೆ ಉಣ್ಣಲಿಕ್ಕಿ ಮಲಗಿಸುತ್ತಾಳೆ. ಪಂಡಿತರು ಆಕೆಯನ್ನು ಅಮ್ಮ ಎಂದು ಕರೆಯುತ್ತಾರೆ. ಪಾತ್ರದ ಹೆಸರು ಚನ್ನಮ್ಮ, ನಮ್ಮ ಕಡೆಯ ಹೆಸರು. 2013ರ ಸಾಲಿನ ಅತ್ಯುತ್ತಮ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಆಕೆಗೆ ಬಂತು. ನನಗೆ ಬಹಳ ಇಷ್ಟವಾದ ಚಿತ್ರ. ಆದರೂ ಅವ್ವನ ಪಕ್ಕ ಕೂತು ನೋಡಿದ್ದರೆ ಅವಳು ಏನನ್ನುತ್ತಿದ್ದಳೆಂದು ಗೊತ್ತು: ಒಂದು ರಾತ್ರಿ ನೋಡಿಕೊಳ್ಳುವುದು ಸುಲಭ.

ಕಳೆದುಹೋದವರನ್ನು ಹುಡುಕುವುದು ಸಿನಿಮಾಕ್ಕೆ ಒಗ್ಗುವ ಕೆಲಸ. ಅದರಲ್ಲಿ ಓಟವಿದೆ, ಬೀದಿ ಇದೆ, ಗಡುವಿದೆ, ಸಿಕ್ಕಾಗ ಅಪ್ಪಿಕೊಳ್ಳುವುದಿದೆ. ಮನೆಯಲ್ಲಿ ಇರುವುದು ಕಾವಲು. ಅವ್ವ ತಲೆಬಾಗಿಲಿಗೆ ಅಪ್ಪನ ಕೈಗೆ ಎಟುಕದಷ್ಟು ಮೇಲೆ ಇನ್ನೊಂದು ಚಿಲಕ ಹಾಕಿಸಿದ್ದಳು, ಬೀಗದ ಕೈ ಸೆರಗಿನ ತುದಿಯಲ್ಲಿ. ಅಪ್ಪನ ಅಂಗಿಗಳ ಕಾಲರಿನ ಒಳಗೆ, ಅಗಸರು ಗುರುತು ಹಾಕುವ ಹಾಗೆ, ಅಳಿಸದ ಶಾಯಿಯಲ್ಲಿ ನನ್ನ ಫೋನ್ ನಂಬರು ಬರೆಸಿದ್ದಳು. ಬೆಳಿಗ್ಗೆ ಒಂಬತ್ತಾದರೆ ಸಾಕು, ಅಪ್ಪ ಬುತ್ತಿ ಹಿಡಿದು ಹೊರಡುತ್ತಿದ್ದರು. ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, 1996ರಲ್ಲೇ ರಿಟೈರಾಗಿದ್ದರು.

“ಎಲ್ಲಿಗಿ ಹೊಂಟೀರಿ?”

“ಆಫೀಸಿಗೆ.”

“ಇವತ್ತ ಸೂಟಿ ಅದರಿ.”

ಅಪ್ಪ ಚಪ್ಪಲಿ ಬಿಡುತ್ತಿದ್ದರು. ಅರ್ಧ ಗಂಟೆಗೆ ಮತ್ತೆ ಇದೇ ಮಾತು. ಒಂದು ದಿನಕ್ಕೆ ಎಷ್ಟು ಸಲವೋ, ಐದು ವರ್ಷ. ನಾನು ಮೊದಮೊದಲು ನಿಜ ಹೇಳುತ್ತಿದ್ದೆ: ನೀವು ರಿಟೈರಾಗಿ ಇಷ್ಟು ವರ್ಷವಾಯಿತು ಅಂತ. ಅಪ್ಪ ಅಂದು ಸಂಜೆಯವರೆಗೆ ಅನ್ನ ಮುಟ್ಟುತ್ತಿರಲಿಲ್ಲ. ಕೆಲಸ ಹೋಯಿತೆಂಬ ಸುದ್ದಿ ಅವರಿಗೆ ಪ್ರತಿಸಲವೂ ಹೊಸದು. ‘ಸೂಟಿ’ ಎಂಬ ಸುಳ್ಳನ್ನು ಅವ್ವನಿಗೆ ಯಾರೂ ಕಲಿಸಿರಲಿಲ್ಲ. ಇದನ್ನು ಸಿನಿಮಾ ಮಾಡಿದರೆ ಯಾರು ನೋಡುತ್ತಾರೆ ಹೇಳಿ.

ಅಪ್ಪ ರಾಯಚೂರು ಕಡೆಯ ಹಳ್ಳಿಯವರು. ನಿಜಾಮರ ಸಂಸ್ಥಾನದ ಕಾಲ, ಶಾಲೆ ಉರ್ದುವಿನಲ್ಲಿ. ಸಂಸ್ಥಾನ ಭಾರತಕ್ಕೆ ಸೇರಿದಾಗ ಅವರಿಗೆ ಹತ್ತು ವರ್ಷ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖ್ಖನಿ, ನೌಕರಿಯಲ್ಲಿ ಇಂಗ್ಲಿಷು, ನೆರೆಹೊರೆಯಲ್ಲಿ ತೆಲುಗು. ಕಾಚಿಗೂಡದಲ್ಲಿ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಇರುವುದರಿಂದಲೇ ಅವರು ಅಲ್ಲಿ ಮನೆ ಮಾಡಿದ್ದು. ಮರೆವು ಬಂದಾಗ ಈ ಭಾಷೆಗಳು ಒಂದೊಂದಾಗಿ ಎದ್ದು ಹೋದವು. ಮೊದಲು ಇಂಗ್ಲಿಷು, ಆಮೇಲೆ ತೆಲುಗು. ಕೊನೆಯ ವರ್ಷ ಅವ್ವನೊಡನೆ ಉರ್ದು ಆಡುತ್ತಿದ್ದರು, ಅವಳನ್ನು ಯಾರೋ ಮೇಷ್ಟ್ರೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಕಟ್ಟಕಡೆಗೆ ಉಳಿದದ್ದು ‘ನಕ್ಕೋ’ ಎಂಬ ಒಂದು ಮಾತು, ಬೇಡ.

ಈ ಊರಿನ ಹಲವು ಭಾಷೆಗಳ ಬಗ್ಗೆ ವೈದ್ಯಲೋಕ ಗಮನಿಸಿದ ಒಂದು ಕೆಲಸ ಇಲ್ಲೇ ನಡೆದಿದೆ. ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್, ಜನ ನಿಮ್ಸ್ ಅನ್ನುವ ಆಸ್ಪತ್ರೆಯ ಮೆಮೊರಿ ಕ್ಲಿನಿಕ್ಕಿಗೆ ಬಂದ 648 ಡಿಮೆನ್ಷಿಯಾ ರೋಗಿಗಳನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿದರು. ಎಡಿನ್‌ಬರೋದ ಥಾಮಸ್ ಬಾಕ್ ಕೂಡ ಅದರಲ್ಲಿದ್ದರು. 2013ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. 648ರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಟೊರಾಂಟೊದಲ್ಲಿ 2007ರಲ್ಲೇ ಇಂಥ ಮಾತು ಬಂದಿತ್ತು, ಆದರೆ ಅಲ್ಲಿನ ದ್ವಿಭಾಷಿಗಳಲ್ಲಿ ಬಹಳ ಜನ ವಲಸೆ ಬಂದವರು. ತಡವಾದದ್ದು ಭಾಷೆಯಿಂದಲೋ ವಲಸೆಯಿಂದಲೋ ಎಂದು ಬಿಡಿಸುವುದು ಕಷ್ಟ. ಹೈದರಾಬಾದಿನಲ್ಲಿ ಮೂರು ಭಾಷೆ ಆಡಲು ಯಾರೂ ಊರು ಬಿಟ್ಟು ಬರಬೇಕಿಲ್ಲ. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಕಂಡಿತು ಎಂಬುದು ಅದರ ಇನ್ನೊಂದು ಮುಖ್ಯ ಸಂಗತಿ. ಭಾಷೆಗಳು ಕಾಯಿಲೆಯನ್ನು ತಡೆಯುತ್ತವೆ ಎಂದು ಅವರು ಹೇಳಲಿಲ್ಲ, ಮುಂದೂಡುವಂತೆ ಕಾಣುತ್ತದೆ ಎಂದರು.

ನಾನು ಆ ಅಧ್ಯಯನದಲ್ಲಿ ಬಹಳ ಹೊತ್ತು ನಿಂತದ್ದು ಬೇರೆ ಕಡೆ. ಕಾಯಿಲೆ ಯಾವ ವಯಸ್ಸಿಗೆ ಶುರುವಾಯಿತು ಎಂಬುದನ್ನು ರಕ್ತದಲ್ಲೋ ಸ್ಕ್ಯಾನಿನಲ್ಲೋ ಓದಲು ಬರುವುದಿಲ್ಲ. ಮನೆಯವರನ್ನು ಕೇಳಬೇಕು. ಮೊದಲ ಲಕ್ಷಣ ಯಾವಾಗ ಕಂಡಿತು ಎಂದು ಯಾರೋ ಹೆಂಡತಿ, ಯಾರೋ ಸೊಸೆ, ಯಾರೋ ಮಗ ನೆನಪು ಮಾಡಿಕೊಂಡು ಹೇಳಿದ್ದು ಅದು. ನಾಲ್ಕೂವರೆ ವರ್ಷ ಎಂಬ ಅಂಕಿ ನಿಂತಿರುವುದು ನೋಡಿಕೊಂಡವರ ನೆನಪಿನ ಮೇಲೆ.

ಮೊದಲಿನಿಂದಲೂ ಹಾಗೇ. ಅಲೋಯಿಸ್ ಅಲ್ಝೈಮರ್ 1906ರಲ್ಲಿ ಟ್ಯೂಬಿಂಗನ್ನಿನ ವೈದ್ಯರ ಸಭೆಯ ಮುಂದಿಟ್ಟದ್ದು ಆಗುಸ್ಟೆ ಡೆಟರ್ ಎಂಬಾಕೆಯ ವಿಷಯ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಅದಕ್ಕೆ ಮುಂಚಿನ ಸಂಗತಿಗಳನ್ನೆಲ್ಲ ಹೇಳಿದವನು ಗಂಡ ಕಾರ್ಲ್: ಆಕೆ ಇದ್ದಕ್ಕಿದ್ದಂತೆ ತನ್ನ ಮೇಲೆ ಅನುಮಾನ ಪಡಲು ಶುರುಮಾಡಿದಳು, ಆಮೇಲೆ ಅಡುಗೆ ಕೆಡತೊಡಗಿತು. ಅವನೂ ರೈಲ್ವೆಯ ನೌಕರ. ಆ ಕೇಸಿನ ಕಡತ 1995ರಲ್ಲಿ ಫ್ರಾಂಕ್‌ಫರ್ಟಿನಲ್ಲೇ ಮತ್ತೆ ಸಿಕ್ಕಿತು. ಕಾಯಿಲೆಗೆ ಡಾಕ್ಟರರ ಹೆಸರು ಬಂತು, ರೋಗಿಯ ಫೋಟೋ ಪುಸ್ತಕಗಳಿಗೆ ಹೋಯಿತು. ಕಾರ್ಲ್ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ.

ಈಚಿನ ಚಿತ್ರಗಳಲ್ಲಿ ಬದಲಾವಣೆ ಇಲ್ಲ ಎನ್ನಲಾರೆ. ‘ದ ಫಾದರ್’ (2020) ನೋಡುವವರನ್ನೇ ರೋಗಿಯ ತಲೆಯೊಳಗೆ ಕೂರಿಸಿತು: ಗೋಡೆ ಬದಲಾಗುತ್ತದೆ, ಮಗಳ ಮುಖ ಬದಲಾಗುತ್ತದೆ, ನಂಬಲು ಏನೂ ಉಳಿಯುವುದಿಲ್ಲ. ಮಲಯಾಳದ ‘ಕಿಷ್ಕಿಂಧಾ ಕಾಂಡಂ’ (2024) ತನ್ನ ಮರೆವನ್ನು ತಾನೇ ಮುಚ್ಚಿಡುವ ನಿವೃತ್ತ ಮಿಲಿಟರಿ ಮನುಷ್ಯನನ್ನು ಹೊಸದಾಗಿ ಮನೆಗೆ ಬಂದ ಸೊಸೆಯ ಕಣ್ಣಿನಿಂದ ತೋರಿಸುತ್ತದೆ. ಕೊನೆಗೂ ಮನೆಯೊಳಗಿನಿಂದ ನೋಡುವ ಒಂದು ಹೆಣ್ಣು! ರೋಗಿಗಳು ಮಾತ್ರ ಈಗಲೂ ಹೆಚ್ಚಾಗಿ ಗಂಡಸರೇ, ಅದರಲ್ಲೂ ಪ್ರೊಫೆಸರು, ಪಂಡಿತ, ಮೇಷ್ಟ್ರು. ಬಹಳ ತಿಳಿದವನು ಮರೆತರೆ ತಾನೆ ದುರಂತ. ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ 60 ದಾಟಿದವರಲ್ಲಿ 7.4%, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಹೆಂಗಸು ಮರೆತ ಸಿನಿಮಾವನ್ನು ನಾನಿನ್ನೂ ನೋಡಿಲ್ಲ. ‘ಯು ಮಿ ಔರ್ ಹಮ್’ನ ಕಾಜೋಲ್, ‘ಥ್ರೀ ಆಫ್ ಅಸ್’ನ ಶೆಫಾಲಿ ಶಾ ಇಬ್ಬರೂ ಪೇಟೆಯವರು. ಎರಡನೆಯದರಲ್ಲಿ ಮರೆವು ಶುರುವಾದ ಹೆಂಗಸು ತಾನು ಬಾಲ್ಯ ಕಳೆದ ಕೊಂಕಣದ ಊರಿಗೆ ಗಂಡನ ಜೊತೆ ಹೋಗಿಬರುತ್ತಾಳೆ. ಗಂಡ ಸುಮ್ಮನೆ ಜೊತೆಗಿರುತ್ತಾನೆ. ಚೆನ್ನಾಗಿದೆ.

ಅವ್ವನಿಗೆ ಹಿಡಿಸಿದ್ದು ಮಾತ್ರ ಮರೆವಿನ ಸಿನಿಮಾವೇ ಅಲ್ಲ. ತೆಲುಗಿನ ‘ಮಿಥುನಂ’, 2012. ಶ್ರೀರಮಣ ಅವರ ಕಥೆ, ತನಿಕೆಳ್ಳ ಭರಣಿ ನಿರ್ದೇಶನ. ಇಡೀ ಚಿತ್ರದಲ್ಲಿ ಇಬ್ಬರೇ: ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಲಕ್ಷ್ಮಿ, ಹಳ್ಳಿಮನೆಯ ಮುದಿ ದಂಪತಿ. ಮಕ್ಕಳು ವಿದೇಶದಲ್ಲಿ. ಇಲ್ಲಿ ಯಾರೂ ಕಳೆದುಹೋಗುವುದಿಲ್ಲ. ಉಪ್ಪಿನಕಾಯಿ, ತೋಟ, ಎಮ್ಮೆ, ಜಗಳ. ಕೊನೆಗೆ ಗಂಡ ಮೊದಲು ಹೋಗುತ್ತಾನೆ, ಹೆಂಡತಿಗೆ ದುಃಖದೊಳಗೇ ಒಂದು ಸಮಾಧಾನ: ತಾನು ಮೊದಲು ಹೋಗಿದ್ದರೆ ಇವನನ್ನು ನೋಡಿಕೊಳ್ಳುವವರು ಯಾರಿದ್ದರು? ಅವ್ವ ಆ ಚಿತ್ರವನ್ನು ಟಿವಿಯಲ್ಲಿ ಬಂದಾಗಲೆಲ್ಲ ನೋಡುತ್ತಿದ್ದಳು. ಅಪ್ಪ 2018ರಲ್ಲಿ ಹೋದ ದಿನ ಅವಳು ಅಳಲಿಲ್ಲ, ತಲೆಬಾಗಿಲ ಮೇಲಿನ ಚಿಲಕ ತೆಗೆದು ಕೂತಳು.

ಡಾಕ್ಟರರ ಮುಂದೆ ಕೂತ ಆ ಮೊದಲ ದಿನವನ್ನು ಹೇಳಿಬಿಡುತ್ತೇನೆ. 2013. ಯಾವಾಗ ಶುರುವಾಯಿತು ಎಂದು ಅವರು ಕೇಳಿದಾಗ ನಾನು ಮುಂದೆ ಬಾಗಿ, ಒಂದೂವರೆ ವರ್ಷವಾಗಿರಬೇಕು ಅಂದೆ. ಪುಣೆಯಿಂದ ಫೋನು ಮಾಡಿದಾಗ ಅಪ್ಪ ಒಂದೇ ಪ್ರಶ್ನೆ ಮೂರು ಸಲ ಕೇಳಿದ್ದು ನನಗೆ ನೆನಪಿತ್ತು. ಡಾಕ್ಟರು ಬರೆದುಕೊಂಡರು. ಅವ್ವ ಕೈಚೀಲದ ಹಿಡಿ ತಿರುಗಿಸುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, “ಐದು ವರ್ಷ ಆತ್ರಿ” ಅಂದಳು.

2008ರ ನವೆಂಬರು. ಪಿಂಚಣಿಗೆ ಬದುಕಿರುವ ದಾಖಲೆ ಕೊಡಲು ಇಬ್ಬರೂ ಬ್ಯಾಂಕಿಗೆ ಹೋಗಿದ್ದರು. ಐವತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಸಹಿ ಮಾಡುತ್ತಿದ್ದ ಅಪ್ಪ ಆ ದಿನ ಬಲದಿಂದ ಎಡಕ್ಕೆ, ಉರ್ದುವಿನಲ್ಲಿ, ಶಾಲೆಯ ಹುಡುಗನ ಅಕ್ಷರದಲ್ಲಿ ಹೆಸರು ಬರೆದರು. ಕೌಂಟರಿನ ಹುಡುಗಿ ನಕ್ಕಳು. ಅಪ್ಪನೂ ನಕ್ಕರು. ಅವ್ವ ಇನ್ನೊಂದು ಫಾರಂ ಇಸಿದುಕೊಂಡು, ಹಳೆಯ ಪಾಸ್‌ಬುಕ್ಕು ತೆರೆದು ಸಹಿ ತೋರಿಸಿ, ಅದನ್ನೇ ನೋಡಿ ಬರೆಯಿರಿ ಎಂದು ಬರೆಸಿದಳು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮರುವರ್ಷ ನವೆಂಬರಿಗೆ ಮೊದಲೇ ಒಂದು ವಾರ ದಿನಾ ಸಂಜೆ ಕೂರಿಸಿ ರೂಢಿ ಮಾಡಿಸಿದಳು. ಅದರ ಮರುವರ್ಷವೂ.

“ನನಗ್ಯಾಕ ಹೇಳಲಿಲ್ಲ?” ಅಂದೆ.

“ನೀ ಫೋನ್‌ನಾಗ ಅಪ್ಪ ಆರಾಮಿದ್ದಾರೇನು ಅಂತಿದ್ದಿ. ಆರಾಮs ಇದ್ರು” ಅಂದಳು ಅವ್ವ.

ಡಾಕ್ಟರು ಮೊದಲು ಬರೆದದ್ದನ್ನು ಹೊಡೆದು ಹಾಕಿ 2008 ಎಂದು ಬರೆದರು.